ಉಸ್ತಾದರು ಬೇಡವೆಂದ ತಾಳ

ನನ್ನ ಗಂಡ ಸೌದಾಗರ್ ರಾಮ್ ಊಟ ಬಿಟ್ಟದ್ದು ವೈಸಾಖಿ ಸುಗ್ಗಿ ಹಬ್ಬ ಮುಗಿದ ಮೂರನೇ ದಿನ. ಮೂವತ್ತೊಂದು ವರ್ಷ ಅವರ ಜೊತೆ ಬಾಳಿದ್ದೇನೆ. ಮೈ ಸುಡುವ ಜ್ವರ ಬಂದಾಗಲೂ, ಅವರಪ್ಪ ತೀರಿಕೊಂಡ ವಾರದಲ್ಲೂ ರೊಟ್ಟಿ ಬೇಡ ಎಂದವರಲ್ಲ. ಅಂಥವರು ಆ ದಿನ ಮಧ್ಯಾಹ್ನ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಎದ್ದು ಹೋದರು. ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡೆ. ಮಾರನೇ ದಿನವೂ ಅದೇ ಆದಾಗ ನನಗೆ ಹೆದರಿಕೆಯಾಯಿತು.

ಇದಕ್ಕೆಲ್ಲ ಮೂಲ ಆ ಆಲ್ಬಂ.

ಪಂಜಾಬಿನ ನಮ್ಮೂರಿನಿಂದ ಸಂಧು ಮನೆತನದವರು ಕೆನಡಾಕ್ಕೆ ಹೋಗಿ ಇಪ್ಪತ್ತು ವರ್ಷವಾಯಿತು. ಚಾವಣಿಯ ಮೇಲೆ ವಿಮಾನದ ಆಕಾರದ ನೀರಿನ ಟ್ಯಾಂಕ್ ಇರುವ ಅವರ ಕೋಠಿ, ಅಂದರೆ ದೊಡ್ಡ ಬಂಗಲೆ, ಖಾಲಿ ಬಿದ್ದಿದೆ. ಅದರ ಬೀಗದ ಕೈ ನನ್ನ ಹತ್ತಿರ. ವಾರಕ್ಕೊಮ್ಮೆ ಗುಡಿಸಿ ಒರೆಸಿ ಬರುತ್ತೇನೆ. ಫೆಬ್ರವರಿ ಕೊನೆಯಲ್ಲಿ ಸಾಸಿವೆ ಹೊಲಗಳೆಲ್ಲ ಹಳದಿಯಾಗಿದ್ದಾಗ ಆ ಕೋಠಿಗೆ ನವರೀತ್ ಬಂದಳು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ ಬೆಳೆದ ಹುಡುಗಿ. ಢೋಲನ್ನು ನಡುವೆ ಇಟ್ಟುಕೊಂಡು, ಬೇರೆ ಬೇರೆ ದೇಶದ ವಾದ್ಯಗಳನ್ನು ಅದರ ಸುತ್ತ ಕೂರಿಸಿ ಒಂದು ಆಲ್ಬಂ ಮಾಡುವುದು ಅವಳ ಆಸೆ. ಅದಕ್ಕೆ ಮದುವೆ ಮನೆಯ ಅಬ್ಬರದ ಢೋಲ್ ಬೇಡ, ಹಳೆಯ ತಾಳಗಳನ್ನು ಬಲ್ಲವರು ಬೇಕು ಎಂದು ಹುಡುಕುತ್ತ ನನ್ನ ಗಂಡನನ್ನು ಹಿಡಿದಿದ್ದಳು. ಅವಳ ಪಂಜಾಬಿ ಅವಳ ಅಜ್ಜಿಯಿಂದ ಕಲಿತದ್ದು. ಇಪ್ಪತ್ತೆಂಟರ ಹುಡುಗಿ ಬಾಯಿ ತೆರೆದರೆ ಎಂಬತ್ತರ ಮುದುಕಿ ಮಾತಾಡಿದ ಹಾಗೆ. "ಮಾಸಿ, ಒಲೆ ಹೊತ್ತಿಸಿದೆಯೇನಮ್ಮಾ?" ಎಂದು ಅವಳು ಕೇಳಿದಾಗಲೆಲ್ಲ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಅವಳ ಜೊತೆ ಸೆನೆಗಲ್ ದೇಶದ ಒಬ್ಬ ವಾದ್ಯಗಾರ ಬಂದಿದ್ದ. ಬಾಬಾಕರ್ ಎಂದು ಹೆಸರು. ಆರಡಿ ಎತ್ತರ, ಮಾತು ಕಡಿಮೆ, ನಗು ಜಾಸ್ತಿ. ಊರಿನವರು ಎರಡನೇ ದಿನಕ್ಕೇ ಅವನನ್ನು 'ಬಾಬಾ ಜೀ' ಎಂದು ಕರೆಯತೊಡಗಿದರು. ಮೂರನೇ ದಿನ ಇಬ್ಬರು ಹೆಂಗಸರು ಮಕ್ಕಳನ್ನು ಕರೆತಂದು ಆಶೀರ್ವಾದ ಮಾಡಿಸಿಕೊಂಡು ಹೋದರು. ಅವನೂ ನಗುತ್ತ ತಲೆ ಮುಟ್ಟಿ ಕಳಿಸಿದ.

ಕೋಠಿಯ ದೊಡ್ಡ ಕೋಣೆಯ ಗೋಡೆಗೆಲ್ಲ ಹತ್ತಿ ತುಂಬಿದ ನಮ್ಮ ರಜಾಯಿಗಳನ್ನು ನೇತುಹಾಕಿ, ಮೈಕ್‌ಗಳನ್ನು ನಿಲ್ಲಿಸಿದರು. ಅಡುಗೆ ನನ್ನದು. ಮೊದಲ ಎರಡು ದಿನ ಏನೂ ಸರಿಹೋಗಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ, ಅದರಲ್ಲಿ ಬರುವ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ಬಾರಿಸಿ ಎಂದು ಹೇಳಿದರೆ ನನ್ನ ಗಂಡ ಅದನ್ನು ಕಿತ್ತಿಟ್ಟು, "ನಾನೇನು ಗಡಿಯಾರದ ಮನೆಗೆ ಅಳಿಯನಾಗಿ ಬಂದಿದ್ದೀನಾ?" ಎಂದರು. ನವರೀತ್ ಕೊನೆಗೆ ಟಿಕ್ ಟಿಕ್ ನಿಲ್ಲಿಸಿದಳು. ಅಲ್ಲಿಂದ ಕೆಲಸ ನೀರು ಹರಿದ ಹಾಗೆ ಸಾಗಿತು.

ಆರನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪಿನ ಸಾಗ್. ಬಾಬಾಕರ್ ಮೊದಲು ಊಟ ಮುಗಿಸಿ ತನ್ನ ಚಿಕ್ಕ ವಾದ್ಯವನ್ನು ಕಂಕುಳಲ್ಲಿ ಇಟ್ಟುಕೊಂಡ. ಅವನು ತೋಳಿನಿಂದ ಒತ್ತಿದಂತೆಲ್ಲ ಅದರ ದನಿ ಮನುಷ್ಯರು ಮಾತಾಡಿದ ಹಾಗೆ ಏರಿ ಇಳಿಯುತ್ತದೆ. ಸುಮ್ಮನೆ ಏನೋ ಬಾರಿಸುತ್ತಿದ್ದ. ಒಂದು ಕಡೆ ತಡವರಿಸಿ, ಮತ್ತೆ ಎದ್ದು ನಡೆಯುವಂಥ ಒಂದು ತಾಳ. ನನ್ನ ಗಂಡ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಎದ್ದು ಕೈ ತೊಳೆದರು. ಢೋಲನ್ನು ಹೆಗಲಿಗೆ ಏರಿಸಿಕೊಂಡು ಉತ್ತರ ಕೊಟ್ಟರು.

ನಾನು ಸೌಟು ಹಿಡಿದು ಅಡುಗೆ ಮನೆ ಬಾಗಿಲಲ್ಲಿ ನಿಂತುಬಿಟ್ಟೆ. ಅವರ ಕೈಯಿಂದ ನಾನು ಕೇಳದ ತಾಳವೇ ಇಲ್ಲ ಎಂದುಕೊಂಡಿದ್ದವಳು ನಾನು. ಇದನ್ನು ಕೇಳಿರಲಿಲ್ಲ. ಎಡಗಡೆಯ ದಪ್ಪ ಕೋಲು, ಡಗ್ಗಾ, ನಾಲ್ಕು ಹೆಜ್ಜೆ ಸಲೀಸಾಗಿ ನಡೆಯುತ್ತದೆ, ಐದನೆಯದಕ್ಕೆ ಏನೋ ಸಿಕ್ಕಿಕೊಂಡಂತೆ ನಿಲ್ಲುತ್ತದೆ, ಯಾರೋ ಹಿಂದಿನಿಂದ ದೂಡಿದ ಹಾಗೆ ಮತ್ತೆ ಮುಂದೆ ಹೋಗುತ್ತದೆ. ಬಲಗಡೆ ತೆಳು ಬೆತ್ತ ಅದರ ಮೇಲೆ ಮಳೆ ಸುರಿಸುತ್ತದೆ. ಬಾಬಾಕರ್ ಕಣ್ಣು ಮುಚ್ಚಿಕೊಂಡು ಜೊತೆಗೆ ಸೇರಿದ. ಬಾರಿಸುವುದು ನಿಂತಿತು. ನವರೀತ್ ಕಣ್ಣೊರೆಸಿಕೊಂಡು, "ಉಸ್ತಾದ್ ಜೀ, ಮೈಕ್ ಆನ್ ಇತ್ತು. ಎಲ್ಲಾ ಸಿಕ್ಕಿದೆ!" ಎಂದಳು.

ನನ್ನ ಗಂಡನ ಮುಖ ಒಂದು ಗಳಿಗೆ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಾಬಾಕರ್ ಬಂದು ಅವರನ್ನು ಢೋಲಿನ ಸಮೇತ ತಬ್ಬಿಕೊಂಡ. ಹೇಳಬೇಕಾದ ಮಾತು ಒಳಗೇ ಉಳಿಯಿತು.

ವೈಸಾಖಿ ಮುಗಿದ ಮೂರನೇ ದಿನ ಬರ್ಮಿಂಗ್‌ಹ್ಯಾಮ್‌ಗೆ ಹಿಂತಿರುಗಿದ್ದ ನವರೀತ್ ಸಿದ್ಧವಾದ ಆಲ್ಬಂ ಅನ್ನು ಫೋನಿಗೆ ಕಳಿಸಿದಳು. ಇಬ್ಬರೂ ಮಂಚದ ಮೇಲೆ ಕೂತು ಕೇಳಿದೆವು. ಟರ್ಕಿಯ ತಂತಿವಾದ್ಯ, ಬ್ರೆಜಿಲಿನ ಕೊಳಲು, ಇನ್ಯಾವುದೋ ದೇಶದ ಹೆಂಗಸರ ಹಾಡು, ಎಲ್ಲದರ ನಡುವೆ ನಮ್ಮ ಮನೆಯ ಢೋಲ್. ನನಗಂತೂ ಹೆಮ್ಮೆಯಿಂದ ಎದೆ ಉಬ್ಬಿತ್ತು. ಏಳನೆಯದಾಗಿ ಆ ಮಧ್ಯಾಹ್ನದ ತಾಳ ಬಂತು. ಅದಕ್ಕೆ ಯಾವುದನ್ನೂ ಸೇರಿಸಿರಲಿಲ್ಲ. ಬರೀ ಢೋಲ್, ಬಾಬಾಕರನ ವಾದ್ಯ, ಹಿಂದೆ ಎಲ್ಲೋ ನನ್ನ ಸೌಟು ಪಾತ್ರೆಗೆ ತಾಕಿದ ಸದ್ದು. ಅವರು ಪೂರ್ತಿ ಕೇಳಲಿಲ್ಲ. ಫೋನನ್ನು ಬೋರಲಾಗಿ ಇಟ್ಟು ಹೊರಗೆ ಹೋದರು. ಊಟ ಬಿಟ್ಟದ್ದು ಆವತ್ತೇ.

ಭಾನುವಾರ ನಕೋದರ್‌ನಲ್ಲಿ ಒಂದು ಮದುವೆ ಇತ್ತು. ಹುಡುಗನ ಗೆಳೆಯರು ಭಾಂಗ್ಡಾ ಕುಣಿಯುತ್ತಿದ್ದಾಗ ನನ್ನ ಗಂಡನ ಕೈ ನಡುವೆಯೇ ತಪ್ಪಿತು. ಒಬ್ಬನ ಹೆಗಲ ಮೇಲೆ ನಿಂತಿದ್ದ ಇನ್ನೊಬ್ಬ ಆಯತಪ್ಪಿ ಶಾಮಿಯಾನದ ಕಂಬ ಹಿಡಿದುಕೊಂಡ. ಪೆಟ್ಟೇನೂ ಆಗಲಿಲ್ಲ. ಆದರೆ ಮದುಮಗನ ಮಾವ ಎಲ್ಲರೆದುರು, "ಏನಪ್ಪಾ, ವಿಲಾಯತಿಯವರ ಜೊತೆ ಬಾರಿಸಿ ಬಾರಿಸಿ ಪಂಜಾಬಿ ಮರೆತುಹೋಯ್ತಾ?" ಎಂದು ನಕ್ಕನಂತೆ. ಹದಿನೈದನೇ ವಯಸ್ಸಿನಿಂದ ಮದುವೆಗಳಲ್ಲಿ ಬಾರಿಸಿದವರಿಗೆ ಅಂಥ ಮಾತು ಹಿಂದೆಂದೂ ಬಂದಿರಲಿಲ್ಲ.

ಸಂಜೆ ಮನೆಗೆ ಬಂದು ಢೋಲನ್ನು ಮೂಲೆಯಲ್ಲಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು. ನಾನು ಪಕ್ಕದಲ್ಲಿ ಕೂತು, ಎಂದಿನ ಹಾಗೆ ಮಗಳ ಹೆಸರು ಹಿಡಿದು ಕರೆದೆ.

"ಸಿಮ್ಮೋ ಅಪ್ಪಾ, ತಿರುಗಿ ಈ ಕಡೆಗೆ. ಏನಾಗಿದೆ ಹೇಳಿಬಿಡಿ. ಕಾಯಿಲೆನಾ? ಡಾಕ್ಟರ್ ಏನಾದ್ರೂ ಹೇಳಿದ್ರಾ? ನನಗೆ ಗೊತ್ತಾಗದ ಹಾಗೆ ಎಲ್ಲಾದ್ರೂ ತೋರಿಸ್ಕೊಂಡು ಬಂದ್ರಾ?"

"ಕಾಯಿಲೆ ಅಲ್ಲ ಕಣೇ ಬಚನೋ."

"ಮತ್ತೇನು? ಯಾರನ್ನಾದ್ರೂ ಇಟ್ಕೊಂಡಿದ್ದೀರಾ? ಅದಾದ್ರೆ ಮೊದಲು ಊಟ ಮಾಡಿ, ಆಮೇಲೆ ಹೊಡೀತೀನಿ."

ಅವರು ನಗಲಿಲ್ಲ. ಎದ್ದು ಕೂತು, ಹನ್ನೊಂದು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದರು.

ಅವರ ಉಸ್ತಾದರು ಫಿಲ್ಲೌರಿನ ಮಾಘಿ ರಾಮ್. ಆ ತಾಳವನ್ನು ಉಸ್ತಾದರು ಎಷ್ಟೋ ಶಿಷ್ಯರಲ್ಲಿ ಇವರೊಬ್ಬರಿಗೇ, ಒಂದು ಮಳೆಗಾಲದಲ್ಲಿ, ಊರ ಹೊರಗಿನ ಇಟ್ಟಿಗೆ ಗೂಡಿನ ಹಿಂದೆ ಕರೆದುಕೊಂಡು ಹೋಗಿ ಕಲಿಸಿದ್ದರು. ಜನರ ಮುಂದೆ ಮಾತ್ರ ಎಂದೂ ಬಾರಿಸಗೊಟ್ಟಿರಲಿಲ್ಲ, ತಾವೂ ಬಾರಿಸಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಕೊನೆಯ ದಿನ ಇವರ ಕೈ ಹಿಡಿದು, "ಆ ತಾಳ ನಾಲ್ಕು ಜನರ ಮುಂದೆ ಬೇಡ ಸೌದಾಗರಾ. ಮಾತು ಕೊಟ್ಟಿದ್ದೀನಿ" ಎಂದಿದ್ದರು. ಯಾರಿಗೆ ಕೊಟ್ಟ ಮಾತು ಎಂದು ಕೇಳುವಷ್ಟರಲ್ಲಿ ನರ್ಸ್ ಇವರನ್ನು ಹೊರಗೆ ಕಳಿಸಿದ್ದಳು.

"ಯಾವುದೋ ದರ್ಗಾದ ಪೀರರಿಗೆ ಕೊಟ್ಟ ಮಾತು ಇರಬೇಕು," ಎಂದರು ನನ್ನ ಗಂಡ. "ಉಸ್ತಾದ್ರು ಸಾಯೋವರೆಗೂ ಉಳಿಸ್ಕೊಂಡ ಮಾತನ್ನ ನಾನು ರೊಟ್ಟಿ ತಿನ್ನೋ ಹೊತ್ತಲ್ಲಿ ಮುರಿದುಬಿಟ್ಟೆ. ಈಗ ಇಡೀ ಲೋಕ ಕೇಳುತ್ತೆ. ಡಗ್ಗಾ ಕೈಗೆ ತಗೊಂಡ್ರೆ ಅವರ ಕೈ ನೆನಪಾಗುತ್ತೆ, ನನ್ನ ಕೈ ನಿಂತುಹೋಗುತ್ತೆ."

"ಹೆಸರು ಸೌದಾಗರ್, ವ್ಯಾಪಾರ ಮಾತ್ರ ಒಂದೂ ಬರಲ್ಲ," ಎಂದೆ. "ಆ ಹುಡುಗಿಗೆ ಫೋನ್ ಮಾಡಿ ಅದೊಂದನ್ನ ತೆಗೆದುಬಿಡು ಅಂದ್ರೆ ಆಯ್ತಲ್ಲ?"

ಸೋಮವಾರ ಫೋನ್ ಮಾಡಿದೆವು. ನವರೀತ್ ಎಲ್ಲವನ್ನೂ ಕೇಳಿಸಿಕೊಂಡಳು.

"ಉಸ್ತಾದ್ ಜೀ, ಇಡೀ ಆಲ್ಬಂನಲ್ಲಿ ನನಗೆ ಜೀವ ಅನ್ನಿಸಿದ್ದು ಅದೊಂದೇ," ಎಂದಳು. "ಆದ್ರೆ ನೀವು ಬೇಡ ಅಂದ್ರೆ ತೆಗೀತೀನಿ. ಒಂದು ಮಾತೂ ಎದುರು ಹೇಳಲ್ಲ. ಬುಧವಾರ ಎಲ್ಲಾ ಅಚ್ಚಿಗೆ ಹೋಗುತ್ತೆ, ಅದಕ್ಕೆ ಮೊದಲು ತಿಳಿಸಿಬಿಡಿ, ಆಯ್ತಾ?"

ಅವಳು ಜಗಳವಾಡಿದ್ದರೆ ಸುಲಭವಾಗುತ್ತಿತ್ತು. ಅಷ್ಟು ಒಳ್ಳೆಯ ಮಾತಾಡಿದ್ದಕ್ಕೆ ಇವರಿಗೆ ಇನ್ನೂ ಸಂಕಟ. ತೆಗೆಯಲು ಹೇಳಿದರೂ ಬಾರಿಸಿದ್ದು ಬಾರಿಸಿದ್ದೇ ಅಲ್ಲವೇ ಎಂದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. ಆಗ ನನಗೆ ಹೊಳೆದದ್ದು ಒಂದೇ ದಾರಿ.

"ಉಸ್ತಾದ್ರು ಇಲ್ಲ. ಅವರ ಹೆಂಡ್ತಿ ಇದ್ದಾರಲ್ಲ? ಹೋಗಿ ಕಾಲಿಗೆ ಬೀಳಿ."

"ಪ್ರಸಿನ್ನಿ ಬೀಬಿ ಹತ್ರನಾ?" ಅವರು ನಿಂತಲ್ಲೇ ನಿಂತರು. "ಬೈಯ್ದೇ ಸಾಯಿಸಿಬಿಡ್ತಾರೆ."

"ಹೇಗೂ ಊಟ ಬಿಟ್ಟು ಸಾಯ್ತಾ ಇದ್ದೀರಲ್ಲ. ನಡೀರಿ."

ಮಂಗಳವಾರ ಬೆಳಗ್ಗೆ ಬಸ್ ಹಿಡಿದೆವು. ಗೋಧಿ ಕೊಯ್ಲು ಮುಗಿಯುತ್ತ ಬಂದಿತ್ತು, ಕಿಟಕಿಯಿಂದ ಹೊಟ್ಟು ಹಾರಿ ಕಣ್ಣಿಗೆ ಬೀಳುತ್ತಿತ್ತು.

ಫಿಲ್ಲೌರಿನಲ್ಲಿ ರೈಲು ಹಳಿಯ ಆಚೆಗೆ ಲಾಗ ಹಾಕಿ, ಢೋಲ್ ಬಾರಿಸಿ ಬದುಕುವ ನಮ್ಮ ಬಾಜಿಗರ್ ಜನರ ಕೇರಿ ಇದೆ. ಪ್ರಸಿನ್ನಿ ಬೀಬಿ ಮನೆ ಮುಂದೆ ಬೇವಿನ ನೆರಳಲ್ಲಿ ಮಂಚದ ಮೇಲೆ ಕೂತು, ಹೊಸ ಬೆಳ್ಳುಳ್ಳಿಯನ್ನು ಎಲೆ ಸಮೇತ ಜಡೆ ಹೆಣೆಯುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕೈ ಮಾತ್ರ ಹುಡುಗಿಯರ ಹಾಗೆ ಓಡುತ್ತಿತ್ತು.

"ಯಾರು, ಸೌದಾಗರನಾ?" ಎಂದರು ಕಣ್ಣು ಕಿರಿದು ಮಾಡಿ. "ಸತ್ತೇ ಹೋದೆ ಅಂದ್ಕೊಂಡಿದ್ದೆ. ಮೂರು ವರ್ಷ ಆಯ್ತಲ್ಲೋ ಈ ಕಡೆ ಮುಖ ಹಾಕಿ! ಬಾರಮ್ಮ ಬಚನೋ, ನೀನು ಕೂತ್ಕೋ. ಇವನ್ಯಾಕೆ ಕಳ್ಳನ ಹಾಗೆ ನಿಂತಿದ್ದಾನೆ?"

ನನ್ನ ಗಂಡ ಅವರ ಪಾದದ ಹತ್ತಿರ ನೆಲದಲ್ಲೇ ಕೂತರು. "ಕಳ್ಳನೇ ಬೀಬಿ. ಉಸ್ತಾದ್ರದ್ದು ಕದ್ದಿದ್ದೀನಿ."

"ಅವನ ಹತ್ರ ಕದಿಯೋಕೆ ಏನಿತ್ತು? ಎರಡು ಪೇಟ, ಒಂದು ಢೋಲು."

ಇವರು ತಡವರಿಸುತ್ತ ಎಲ್ಲ ಹೇಳಿದರು. ಬೀಬಿಗೆ ಅರ್ಧ ತಿಳಿಯಿತೋ ಇಲ್ಲವೋ, "ಯಾವ ತಾಳನೋ ಅದು? ಬಾಯಲ್ಲಿ ಹೇಳಿದ್ರೆ ನನಗೇನು ಗೊತ್ತಾಗುತ್ತೆ?" ಎಂದರು. ನಾನು ಫೋನ್ ತೆಗೆದು ಏಳನೆಯದನ್ನು ಹಚ್ಚಿ ಅವರ ಕಿವಿಯ ಹತ್ತಿರ ಹಿಡಿದೆ.

ಮೊದಲು ಬೀಬಿ ಬೆಳ್ಳುಳ್ಳಿ ಹೆಣೆಯುತ್ತಲೇ ಕೇಳಿದರು. ಆಮೇಲೆ ಕೈ ನಿಂತಿತು. ಬಲಗೈಯನ್ನು ಗಾಳಿಯಲ್ಲಿ ಎತ್ತಿ ಮೆಲ್ಲಗೆ ಚಕ್ರ ತಿರುಗಿಸಿದ ಹಾಗೆ ತಿರುಗಿಸತೊಡಗಿದರು. ತಾಳ ಎಲ್ಲಿ ನಿಲ್ಲುತ್ತದೋ ಅಲ್ಲಿ ಅವರ ಕೈಯೂ ನಿಲ್ಲುತ್ತಿತ್ತು. ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಒದೆಯುತ್ತಿದ್ದರು. ಕೈ ಮತ್ತೆ ತಿರುಗುತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ. ನನ್ನ ಗಂಡ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

"ಅಯ್ಯೋ ಇವನ ಮನೆ ಹಾಳಾಗ!" ಎಂದು ಬೀಬಿ ಕೂಗಿದರು. "ಇದು ನನ್ನ ಟೋಕಾ!"

ಮೇವು ಕತ್ತರಿಸುವ ಕೈಚಕ್ರ. ನಮ್ಮ ಕಡೆ ಎಮ್ಮೆ ಇರುವ ಮನೆಯಲ್ಲೆಲ್ಲ ಅದೊಂದು ಇರುತ್ತದೆ.

"ನನ್ನ ಮದುವೆ ಆದ ಎರಡನೇ ಚಳಿಗಾಲ," ಎಂದರು ಬೀಬಿ. "ನಿನ್ನ ಉಸ್ತಾದ್ ಎಲ್ಲೋ ಮೇಳದಲ್ಲಿ ಲಾಗ ಹಾಕೋಕೆ ಹೋಗಿ ಕಾಲು ಮುರ್ಕೊಂಡು ಬಂದ. ಮೂರು ತಿಂಗಳು ಮಂಚದ ಮೇಲೆ ಮಹಾರಾಜ. ನಾನು ಜಮೀನ್ದಾರರ ಎಂಟು ಎಮ್ಮೆಗೆ ಮೇವು ಕತ್ತರಿಸೋಳು. ಹೊಟ್ಟೇಲಿ ಮಗು ದೀಪಾ, ಏಳು ತಿಂಗಳು. ಟೋಕಾಕ್ಕೆ ಎರಡು ಅಲಗು, ಒಂದು ಮೊಂಡು. ಪ್ರತಿ ಸುತ್ತಿಗೂ ಸಿಕ್ಕಿಕೊಳ್ಳೋದು. ಕಾಲಲ್ಲಿ ಒದ್ದು ಬಿಡಿಸ್ಕೊಂಡು ಮತ್ತೆ ತಿರುಗಿಸ್ಬೇಕು. ಇವನು ಮಲಗಿದ್ದಲ್ಲೇ ಮಂಚದ ಕಟ್ಟಿಗೆ ಮೇಲೆ ಅದನ್ನ ಬಾರಿಸೋಕೆ ಶುರು ಮಾಡ್ದ. 'ಕೇಳು ಪ್ರಸಿನ್ನಿ, ಎಷ್ಟು ಚೆನ್ನಾಗಿದೆ!' ಅಂತಾನೆ. ನನಗೆ ಮೈ ಉರಿದುಹೋಯ್ತು. ನನ್ನ ಸೊಂಟ ಮುರೀತಾ ಇದೆ, ಇವನಿಗೆ ಅದು ಹಾಡು! ಕೈಲಿದ್ದ ಮೇವೆಲ್ಲಾ ಮುಖಕ್ಕೆ ಎಸೆದು, 'ಇದನ್ನೇನಾದ್ರೂ ಜನರ ಮುಂದೆ ಬಾರಿಸಿದ್ಯೋ, ತೌರಿಗೆ ಹೋಗ್ತೀನಿ, ತಿರುಗಿ ಬರಲ್ಲ. ಮಗು ಮೇಲೆ ಆಣೆ ಇಡು' ಅಂದೆ. ಇಟ್ಟ."

"ಪೀರರಿಗೆ ಅಲ್ವಾ?" ಎಂದರು ನನ್ನ ಗಂಡ ಸಣ್ಣ ದನಿಯಲ್ಲಿ.

"ಯಾವ ಪೀರ? ಈ ಪೀರ!" ಎಂದು ಬೀಬಿ ತಮ್ಮ ಎದೆ ತಟ್ಟಿಕೊಂಡರು.

ನಾನು ನಗಲು ಶುರು ಮಾಡಿದವಳು ನಿಲ್ಲಿಸಲಾಗದೆ ಮಂಚದ ಕಾಲು ಹಿಡಿದುಕೊಂಡೆ. ಬೀಬಿಯೂ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ನನ್ನ ಗಂಡನಿಗೆ ಮಾತ್ರ ನಗುವೋ ಅಳುವೋ ತಿಳಿಯದೆ ಎರಡೂ ಒಟ್ಟಿಗೆ ಬಂತು. ಪೇಟದ ತುದಿಯಿಂದ ಮೂಗು ಒರೆಸಿಕೊಂಡರು. ಐದು ದಿನದಿಂದ ಬಿಗಿದಿದ್ದ ಅವರ ಹೆಗಲು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ.

ನಗು ನಿಂತ ಮೇಲೆ ಬೀಬಿ ಬೆಳ್ಳುಳ್ಳಿಯ ಜಡೆಯನ್ನು ಮಡಿಲಲ್ಲಿಟ್ಟುಕೊಂಡರು.

"ಮುಂದಿನ ಬೇಸಿಗೆ ಹೊತ್ತಿಗೇ ನಾನು ಮರೆತೇಬಿಟ್ಟಿದ್ದೆ ಕಣೋ," ಎಂದರು. "ಇಪ್ಪತ್ತೆರಡರ ಹುಡುಗಿ, ಸಿಟ್ಟಲ್ಲಿ ಏನೋ ಅಂದೆ. ಆ ಪುಣ್ಯಾತ್ಮ ಸಾಯೋವರೆಗೂ ಹೊತ್ಕೊಂಡು ತಿರುಗಿದ್ನಾ? ಒಂದ್ಸಲ, ಒಂದೇ ಒಂದ್ಸಲ ಕೇಳಿದ್ರೆ ಹೂಂ ಬಾರಿಸ್ಕೋ ಹೋಗು ಅಂತಿದ್ದೆ. ಕೇಳಲಿಲ್ಲ. ಹೊಟ್ಟೇಲಿ ಇಟ್ಕೊಳ್ಳೋಕೂ ಆಗದೆ ನಿನಗೆ ಕಲಿಸಿದ್ದಾನೆ." ದುಪಟ್ಟಾದಿಂದ ಕಣ್ಣೊರೆಸಿಕೊಂಡರು. "ಇನ್ನೊಂದ್ಸಲ ಹಚ್ಚಮ್ಮ ಅದನ್ನ."

ಎರಡನೇ ಸಲ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ನನ್ನ ಗಂಡನ ತಲೆಗೆ ಒಂದು ಮೊಟಕಿದರು. "ಇಷ್ಟು ಜೋರಾಗಿ ಬಾರಿಸ್ತಾರಾ? ಈ ವೇಗಕ್ಕೆ ಮೇವು ಕತ್ತರಿಸಿದ್ರೆ ಬೆರಳು ಉಳಿಯುತ್ತಾ?"

"ತಪ್ಪಾಯ್ತು ಬೀಬಿ."

"ಇರಲಿ ಬಿಡು. ಎಮ್ಮೆ ಹಸಿದು ಕೂಗ್ತಾ ಇತ್ತು, ಅವಸರ ಮಾಡ್ದೆ ಅನ್ನು."

ಅವರ ಸೊಸೆ ರೊಟ್ಟಿ, ಬೇಳೆ, ಬೆಲ್ಲ ತಂದಿಟ್ಟಳು. ನನ್ನ ಗಂಡ ಆರು ರೊಟ್ಟಿ ತಿಂದರು. ಏಳನೆಯದಕ್ಕೆ ಕೈ ಚಾಚಿದಾಗ ನಾನೇ ತಡೆದೆ. ಐದು ದಿನ ಸರಿಯಾಗಿ ಉಂಡಿರದ ಹೊಟ್ಟೆ.

ಅಲ್ಲಿಂದಲೇ ನವರೀತ್‌ಗೆ ಫೋನ್ ಮಾಡಿದೆವು. ಅವಳಿಗೆ ಆಗ ತಾನೇ ಬೆಳಗಾಗಿತ್ತು. ನನ್ನ ಗಂಡ ಅರ್ಧ ಹೇಳುವಷ್ಟರಲ್ಲಿ ಬೀಬಿ ಫೋನ್ ಕಿತ್ತುಕೊಂಡರು.

"ನೋಡಮ್ಮಾ, ಅದನ್ನ ಇಟ್ಕೋ. ಆದ್ರೆ ಹೆಸರು ಹಾಕೋವಾಗ ಮಾಘಿ ರಾಮನ ತಾಳ ಅಂತ ಹಾಕ್ಬೇಡ, ಮಾಘಿ ರಾಮನ ಹೆಂಡ್ತಿ ಅಂತಲೂ ಬೇಡ. ಪ್ರಸಿನ್ನಿ ಅಂತ ಹಾಕು. ಟೋಕಾ ತಿರುಗಿಸಿದವಳು ನಾನು."

ಆ ಕಡೆಯಿಂದ ನವರೀತ್ ಹೇಳಿದ್ದು ನಮಗೂ ಕೇಳಿಸಿತು. "ಹಾಗೇ ಆಗಲಿ ಬೀಬಿ ಜೀ. ನಿಮ್ಮ ಹೆಸರು ಮೊದಲು, ಆಮೇಲೆ ಉಸ್ತಾದರದ್ದು, ಕೊನೆಗೆ ಬಾರಿಸಿದ ಇಬ್ಬರದ್ದು. ನೀವು ನೂರು ವರ್ಷ ಬಾಳಿ ತಾಯಿ."

ಬೀಬಿ ಫೋನನ್ನು ನನಗೆ ಕೊಡುತ್ತ ಪಿಸುಗುಟ್ಟಿದರು: "ಪಾಪ, ಈ ಮುದುಕಿಗೆ ಎಷ್ಟು ವಯಸ್ಸಾಗಿದೆ?"

ಹೊರಡುವಾಗ ಬೀಬಿ ಎರಡು ಜಡೆ ಬೆಳ್ಳುಳ್ಳಿಯನ್ನು ನನ್ನ ಚೀಲಕ್ಕೆ ತುರುಕಿದರು. ನನ್ನ ಗಂಡ ಕಾಲಿಗೆರಗಿದಾಗ ತಲೆಯ ಮೇಲೆ ಕೈಯಿಟ್ಟು, ಸ್ವಲ್ಪ ಹೊತ್ತು ಹಾಗೇ ಬಿಟ್ಟರು.

ವಾಪಸ್ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ನೂರ್‌ಮಹಲ್ ಬರುವ ಮೊದಲೇ ಅವರು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಎಷ್ಟೋ ದಿನಗಳ ಮೇಲೆ ಬಂದ ನಿದ್ದೆ. ನಮ್ಮ ನಿಲ್ದಾಣ ಬಂದಾಗ ಎಬ್ಬಿಸಬೇಕಿತ್ತು. ಕಂಡಕ್ಟರ್ ಊರಿನ ಹೆಸರು ಕೂಗಿದ. ನಾನು ಕೇಳಿಸದವಳ ಹಾಗೆ ಕಿಟಕಿಯ ಹೊರಗೆ ನೋಡುತ್ತ ಕೂತೆ. ನಾಲ್ಕು ದಿನದಿಂದ ನಾನು ಯಾರಿಗೂ ಹೇಳದೆ ಏನೇನೋ ಯೋಚಿಸಿದ್ದೆ. ಕ್ಯಾನ್ಸರ್, ಪಾರ್ಶ್ವವಾಯು, ಸಿಮ್ಮೋಗೆ ಹೇಗೆ ಹೇಳುವುದು, ಎಲ್ಲ. ಈಗ ಅವರ ಗೊರಕೆ ನನ್ನ ಕಿವಿಯಲ್ಲೇ ಕೇಳುತ್ತಿತ್ತು. ಇನ್ನೊಂದು ನಿಲ್ದಾಣ ಹೋಗಲಿ ಅಂದುಕೊಂಡೆ.

ಎಚ್ಚರವಾದಾಗ ಅವರು ಗಾಬರಿಯಿಂದ ಎದ್ದು, "ಏ, ಊರು ದಾಟಿ ಬಂದ್ವಲ್ಲೇ! ನಿನಗೆ ಕಣ್ಣು ಕಾಣಲ್ವಾ?" ಎಂದು ಬೈದರು.

"ಕಾಣಲಿಲ್ಲ," ಎಂದೆ.

ಇಳಿದು ಕಾಲುವೆ ದಂಡೆಯ ಮೇಲೆ ಹಿಂದಕ್ಕೆ ನಡೆದೆವು. ಬಿಸಿಲು ಇಳಿದಿತ್ತು. ದಾರಿಯಲ್ಲೊಬ್ಬ ಕುಲ್ಫಿ ಮಾರುವವನು ಸಿಕ್ಕಿದ. ಎರಡು ತೆಗೆದುಕೊಂಡು ತಿನ್ನುತ್ತ ನಡೆದೆವು. ಅವರು ಬಾಯಿ ಮುಚ್ಚಲೇ ಇಲ್ಲ. ಬರುವ ವರ್ಷ ಸಿಮ್ಮೋ ಮಗನಿಗೆ ಸೈಕಲ್ ಕೊಡಿಸಬೇಕು, ಬಾಬಾಕರ್ ಮುಂದಿನ ಸಲ ಬಂದಾಗ ಕಾಲುವೆಯಲ್ಲಿ ಈಜು ಹೊಡೆಸಬೇಕು, ಅಷ್ಟು ಎತ್ತರದವನಿಗೆ ಸಾಲುವ ಮಂಚ ಯಾರ ಮನೆಯಲ್ಲಿದೆ ಎಂದೆಲ್ಲ. ಕುಲ್ಫಿ ಕರಗಿ ಮುಂಗೈ ಮೇಲೆ ಇಳಿಯುತ್ತಿದ್ದರೂ ಅವರಿಗೆ ಪರಿವೆಯಿರಲಿಲ್ಲ. ನಾನು ಹೂಂ ಹೂಂ ಎನ್ನುತ್ತ ಜೊತೆಗೆ ಹೆಜ್ಜೆ ಹಾಕಿದೆ.